ಸರ್ಪಗಂಧಿ: ಒಂದು ಕಹಿಬೇರಿನ ಸೊಬಗು

ಮುಂಗಾರು ಹಿಡಿದ ಮೇಲೆ ಪಶ್ಚಿಮ ಘಟ್ಟದ ಕಾಡಿನಂಚಿನಲ್ಲಿ, ಅರೆನೆರಳಿನ ತಂಪು ಜಾಗಗಳಲ್ಲಿ ಸರ್ಪಗಂಧಿ ತನ್ನ ಪೂರ್ತಿ ಚೆಲುವಿನಲ್ಲಿರುತ್ತದೆ. ಗಿಡ ಮೊಣಕಾಲೆತ್ತರ, ಬಹಳವೆಂದರೆ ಸೊಂಟದವರೆಗೆ. ಒಂದೊಂದು ಗೆಣ್ಣಿನಲ್ಲೂ ಮೂರು ಮೂರು ಎಲೆ, ಮೇಲ್ಮೈ ಹೊಳೆವ ಹಸಿರು, ಅಡಿಭಾಗ ತುಸು ಮಂಕು. ತುದಿಯಲ್ಲಿ ಹೂಗೊಂಚಲು. ತೊಟ್ಟು ಕೆಂಪು, ಪುಷ್ಪಪಾತ್ರೆಯೂ ಕೆಂಪು. ಅಲ್ಲಿಂದ ಹೊರಟ ಸಪೂರ ನಳಿಗೆ ನಡುವೆ ಒಂದಿಷ್ಟು ಉಬ್ಬಿ, ತುದಿಯಲ್ಲಿ ಐದು ಬಿಳಿ ಎಸಳಾಗಿ ತೆರೆದುಕೊಳ್ಳುತ್ತದೆ. ಹೂ ಅರಳಿದಾಗ ಬಿಳಿ ಕಣ್ಣಿಗೆ ಬೀಳುತ್ತದೆ. ಉದುರಿದ ಮೇಲೆ ಕೆಂಪು ಉಳಿಯುತ್ತದೆ. ಆಮೇಲೆ ಬಟಾಣಿಗಿಂತ ಚಿಕ್ಕ ಕಾಯಿ ಹಸಿರಿನಿಂದ ನೇರಳೆಗಪ್ಪಿಗೆ ತಿರುಗಿ ಮಿರುಗುತ್ತದೆ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ದೇವಕಣಗಿಲೆಗಳೆಲ್ಲ ಇದರ ಕುಟುಂಬದವೇ. ನಮ್ಮ ದೇವರ ಮುಡಿಗೆ ಇಷ್ಟೊಂದು ಹೂ ಕೊಟ್ಟ ಕುಲವೇ ಜಗತ್ತಿನ ಔಷಧಕೋಶಕ್ಕೂ ಧಾರಾಳವಾಗಿ ಕೊಟ್ಟಿದೆ.

ಆದರೆ ಸರ್ಪಗಂಧಿಯ ಕೀರ್ತಿಯಿರುವುದು ಹೂವಿನಲ್ಲಲ್ಲ, ಬೇರಿನಲ್ಲಿ. ಮಣ್ಣಿನೊಳಗೆ ನೆಟ್ಟಗೆ ಇಳಿಯುವ, ಕೆಲವೊಮ್ಮೆ ಹಾವಿನ ಹಾಗೆ ಬಳುಕುವ ಬೇರು. ಬೂದುಮಿಶ್ರಿತ ಕಂದು ತೊಗಟೆ, ಅದರ ಮೇಲೆ ಉದ್ದುದ್ದ ಸುಕ್ಕು. ಒಣಗಿದ ತುಂಡನ್ನು ಮುರಿದರೆ ಪಟ್ಟನೆ ಮುರಿದು ಒಳಗಿನ ತಿಳಿಹಳದಿ ತೋರುತ್ತದೆ. ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಾಲಗೆಗಿಟ್ಟರೆ ಮಾತ್ರ ಕಹಿ, ಬಹಳ ಹೊತ್ತು ಬಿಡದ ಕಹಿ. ಆ ಕಹಿಯನ್ನು ಕೊಡುವ ಆಲ್ಕಲಾಯ್ಡುಗಳು ಐವತ್ತಕ್ಕೂ ಹೆಚ್ಚು ಬಗೆಯವು. ಬಹುಪಾಲು ತೊಗಟೆಯಲ್ಲೇ ಸೇರಿಕೊಂಡಿರುತ್ತವೆ. ಅದಕ್ಕೇ ಬೇರು ಕೀಳುವವರು ತೊಗಟೆ ಕೆತ್ತಿಹೋಗದಂತೆ ಜೋಪಾನ ಮಾಡುತ್ತಾರೆ.

ಈ ಬೇರನ್ನು ನಮ್ಮ ಜನ ಬಹಳ ಹಿಂದಿನಿಂದ ಬಲ್ಲರು. ಚರಕ ಸಂಹಿತೆಯಲ್ಲಿ ಸರ್ಪಗಂಧದ ಹೆಸರಿದೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ಟಾನ ಗ್ರಂಥ ಹಾವಿನ ವಿಷಕ್ಕೆ ಬಳಸುವ ಬೇರುಗಳ ವಿಷಯ ಹೇಳುತ್ತದೆ. ಹಾವಿನೊಡನೆ ಕಾದಾಡುವ ಮೊದಲು ಮುಂಗುಸಿ ಇದರ ಎಲೆ ಜಗಿಯುತ್ತದೆ ಎಂಬ ಕಥೆ ಸಮುದ್ರ ದಾಟಿ ಆಂಬೋನ್ ದ್ವೀಪದವರೆಗೂ ಹೋಗಿತ್ತು. ಬಿಹಾರದ ಹಳ್ಳಿಗಳಲ್ಲಿ ಇದನ್ನು ಹುಚ್ಚಿನ ಮದ್ದೆಂದೇ ಕರೆಯುತ್ತಿದ್ದರು. ಕೆರಳಿದವರಿಗೆ ಬೇರಿನ ಪುಡಿ ಕೊಟ್ಟು ಮಲಗಿಸುತ್ತಿದ್ದರು. ಈ ತಿಳಿವಳಿಕೆಯಲ್ಲಿ ನಿಜವೂ ಇತ್ತು, ಕಲ್ಪನೆಯೂ ಇತ್ತು. ಯಾವುದು ನಿಜ, ಎಷ್ಟು ನಿಜ, ಯಾರಿಗೆ, ಎಷ್ಟು ಪ್ರಮಾಣದಲ್ಲಿ ನಿಜ ಎಂದು ಕೇಳುತ್ತ ಹೋದ ತೊಂಬತ್ತು ವರ್ಷಗಳ ಕೆಲಸವನ್ನು ನಾನು ಒಂದು ಕಲಾಕೃತಿಯನ್ನು ನೋಡುವಷ್ಟೇ ಆಸೆಯಿಂದ ನೋಡುತ್ತೇನೆ. ಗಿಡ ಚೆಲುವಾದದ್ದು. ಅದನ್ನು ಅಳೆದವರ ಅಳತೆ ಅದಕ್ಕಿಂತ ಚೆಲುವಾದದ್ದು.

ಮೊದಲ ಅಳತೆ ದಿಲ್ಲಿಯಲ್ಲಿ ನಡೆಯಿತು. ಹಕೀಂ ಅಜ್ಮಲ್ ಖಾನ್ ಯುನಾನಿ ವೈದ್ಯದ ದೊಡ್ಡ ಹೆಸರು, ರಾಷ್ಟ್ರೀಯ ಚಳವಳಿಯ ಮುಂದಾಳು. ದೇಶೀ ಮೂಲಿಕೆಗಳನ್ನು ಆಧುನಿಕ ರಸಾಯನಶಾಸ್ತ್ರದ ಕಣ್ಣಿನಿಂದ ಪರೀಕ್ಷಿಸಬೇಕೆಂಬುದು ಅವರ ಆಸೆ. ಅದಕ್ಕಾಗಿ ಅವರು ಬೆನ್ನು ತಟ್ಟಿದ ಯುವಕ ಸಲೀಮುಜ್ಜಮಾನ್ ಸಿದ್ದಿಕಿ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗಲೇ ಸಿದ್ದಿಕಿ ತಮ್ಮ ಚಿತ್ರಗಳ ಪ್ರದರ್ಶನ ನಡೆಸಿದ್ದರು. ಇದ್ದಿಲಿನ ಗೆರೆಯಲ್ಲಿ ರೂಪ ಹಿಡಿಯಬಲ್ಲ ಕೈ ಹರಳುಗಳನ್ನು ಹುಡುಕುವ ಕೆಲಸಕ್ಕೆ ಬಂತು. ಅವರು ಮರಳಿ ಬಂದು ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಪ್ರಯೋಗಾಲಯ ಕಟ್ಟುವ ಹೊತ್ತಿಗೆ ಹಕೀಮರು ತೀರಿಕೊಂಡಿದ್ದರು. 1931ರಲ್ಲಿ ಸಲೀಮುಜ್ಜಮಾನ್ ಮತ್ತು ರಫತ್ ಹುಸೇನ್ ಸಿದ್ದಿಕಿ ಸರ್ಪಗಂಧಿಯ ಬೇರಿನಿಂದ ಐದು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿ ಹರಳಾಗಿ ಪಡೆದರು. ಅವುಗಳಲ್ಲಿ ಮೊದಲನೆಯದಕ್ಕೆ ಇಟ್ಟ ಹೆಸರು ಅಜ್ಮಲೀನ್. ಗುರುವಿಗೆ ಶಿಷ್ಯ ಸಲ್ಲಿಸಿದ ಈ ಕಾಣಿಕೆ ಇಂದಿಗೂ ಜಗತ್ತಿನ ಹೃದ್ರೋಗ ವಿಭಾಗಗಳಲ್ಲಿ ಬಳಕೆಯಲ್ಲಿದೆ.

ಅದೇ ವರ್ಷ ಕಲ್ಕತ್ತದಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರು ಚಿತ್ತವಿಕಾರಕ್ಕೂ ಏರಿದ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದರು. ಎರಡು ವರ್ಷಗಳಾದ ಮೇಲೆ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಪ್ರಾಣಿಗಳ ಮೇಲಿನ ಪರಿಣಾಮಗಳನ್ನು ವರದಿ ಮಾಡಿದರು. 1930ರಲ್ಲಿ ಡೆಹ್ರಾಡೂನಿನಲ್ಲಿ ಶುರುವಾಗಿ ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಹಿಮಾಲಯ ಕಂಪನಿ 1934ರಲ್ಲಿ ಈ ಬೇರಿನ ಗುಳಿಗೆಯನ್ನು ಸರ್ಪಿನಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಹೀಗೆ ಗಿಡ ಕಾಡಿನಿಂದ ಅಂಗಡಿಗೆ ಬಂತು. ಆದರೆ ವೈದ್ಯಲೋಕ ಇನ್ನೂ ತಲೆಯೆತ್ತಿ ನೋಡಿರಲಿಲ್ಲ.

ಅದನ್ನು ನೋಡುವಂತೆ ಮಾಡಿದವರು ಮುಂಬಯಿಯ ರುಸ್ತುಂ ಜಾಲ್ ವಕೀಲ್. ಕೆಇಎಂ ಆಸ್ಪತ್ರೆಯ ಈ ಹೃದ್ರೋಗತಜ್ಞರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಪ್ರಬಂಧ ಆರೇ ಪುಟದ್ದು. ರಕ್ತದೊತ್ತಡದ 50 ರೋಗಿಗಳು. ಅವರಿಗೆ ಬೇರಿನ ಗುಳಿಗೆ. ಮೊದಲು ಮತ್ತು ಆಮೇಲೆ ಅಳೆದು ಬರೆದಿಟ್ಟ ಅಂಕಿಗಳು. ಒತ್ತಡ ಮೆಲ್ಲಗೆ ಇಳಿಯಿತು. ಗುಳಿಗೆ ನಿಲ್ಲಿಸಿದ ಮೇಲೂ ಪರಿಣಾಮ ಕೆಲಕಾಲ ಉಳಿಯಿತು. ಈ ಪ್ರಬಂಧದ ಧಾಟಿ ನನಗೆ ಬಹಳ ಹಿಡಿಸುತ್ತದೆ. ನಮ್ಮ ಪುರಾತನ ಮದ್ದು ಎಂಬ ಎದೆಯುಬ್ಬಿಸಿದ ಮಾತಿಲ್ಲ. ಹಳ್ಳಿಯ ಬೇರು ಎಂಬ ಹಿಂಜರಿಕೆಯೂ ಇಲ್ಲ. ಪಾದರಸದ ಗೆರೆ ಎಲ್ಲಿತ್ತು, ಎಲ್ಲಿಗೆ ಬಂತು ಎಂಬುದಷ್ಟೇ. ಆ ಕಾಲಕ್ಕೆ ಏರಿದ ರಕ್ತದೊತ್ತಡಕ್ಕೆ ಹೇಳಿಕೊಳ್ಳುವ ಔಷಧವೇ ಇರಲಿಲ್ಲ. ಉಪ್ಪು ಬಿಟ್ಟ ಅನ್ನ, ವಿಶ್ರಾಂತಿ, ತೀರಾ ಕೈಮೀರಿದರೆ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ. ಅಂಥ ಹೊತ್ತಿನಲ್ಲಿ ಆ ಆರು ಪುಟ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಅವರ ಗಮನ ಸೆಳೆದವು. ಅವರು ಅಲ್ಲಿನ ರೋಗಿಗಳಿಗೆ ಬೇರು ಕೊಟ್ಟು ನೋಡಿ ಒಪ್ಪಿದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು.

ಬೇರಿನೊಳಗೆ ಈ ಕೆಲಸ ಮಾಡುವುದು ಯಾವುದು? ಹರಳಾಗಿ ಸಿಕ್ಕ ಆಲ್ಕಲಾಯ್ಡುಗಳು ಬೇರಿನ ಮಂಪರು ತರುವ ಗುಣವನ್ನು ವಿವರಿಸಲಾರದೆ ಹೋದವು. ಉತ್ತರ ಇದ್ದದ್ದು ಹರಳುಗಟ್ಟಲು ಒಲ್ಲದ ಜಿಗುಟು ರಾಳದ ಭಾಗದಲ್ಲಿ. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಕಂಪನಿಯಲ್ಲಿ ಮ್ಯುಲ್ಲರ್, ಷ್ಲಿಟ್ಲರ್, ಬೈನ್ ಎಂಬ ಮೂವರು ಆ ಅಂಟಿನಿಂದ ಒಂದು ವಸ್ತುವನ್ನು ಎತ್ತಿ ತೆಗೆದರು: ರಿಸರ್ಪೀನ್. ಒಣಬೇರಿನ ಸಾವಿರ ಪಾಲಿನಲ್ಲಿ ಸುಮಾರು ಒಂದು ಪಾಲು. ಬೇರಿನ ಹುಡಿಯಲ್ಲಿ ಚಮಚದ ಲೆಕ್ಕದಲ್ಲಿದ್ದ ಮದ್ದು ಈಗ ಮಿಲಿಗ್ರಾಂನ ಕಾಲುಭಾಗಕ್ಕೆ ಇಳಿಯಿತು. ಅಷ್ಟು ಅಲ್ಪ ಪ್ರಮಾಣ ವಾರಗಟ್ಟಲೆ ನಿಧಾನವಾಗಿ ಕೆಲಸ ಮಾಡಿ ರಕ್ತದೊತ್ತಡ ತಗ್ಗಿಸುತ್ತಿತ್ತು.

ಇಲ್ಲಿಂದ ಮುಂದೆ ಕಥೆ ಎರಡು ದಿಕ್ಕಿಗೆ ಕವಲೊಡೆಯುತ್ತದೆ. ಎರಡೂ ಕವಲಿನ ಹಣ್ಣು ರುಚಿಯಾದದ್ದು. ಒಂದೊಂದನ್ನೂ ಸಾವಧಾನವಾಗಿ ಸವಿಯಬೇಕು.

ಮೊದಲನೆಯದು ರೂಪದ ಕವಲು. ರಿಸರ್ಪೀನ್ ಅಣುವಿನಲ್ಲಿ 33 ಇಂಗಾಲ, 40 ಜಲಜನಕ, ಎರಡು ಸಾರಜನಕ, ಒಂಬತ್ತು ಆಮ್ಲಜನಕ. ಐದು ಉಂಗುರಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಕೊನೆಯ ಉಂಗುರಕ್ಕೆ ಆರನೆಯ ಉಂಗುರವೊಂದು ತೋಳು ಚಾಚಿದಂತೆ ತಗುಲಿಕೊಂಡಿದೆ. ಇದರಲ್ಲಿ ಆರು ಇಂಗಾಲಗಳ ಸುತ್ತಲಿನ ಜೋಡಣೆ ಎಡಕ್ಕೋ ಬಲಕ್ಕೋ ಎಂಬುದು ಖಚಿತವಾಗಿ ತೀರ್ಮಾನವಾಗಿರಬೇಕು. ಆರು ಕಡೆ ಎರಡೆರಡು ದಾರಿ ಎಂದರೆ 64 ಸಾಧ್ಯತೆ. ಗಿಡ ಅವುಗಳಲ್ಲಿ ಒಂದನ್ನೇ ಕಟ್ಟುತ್ತದೆ, ಎಂದೂ ತಪ್ಪದೆ ಕಟ್ಟುತ್ತದೆ. ಹಾರ್ವರ್ಡಿನ ರಾಬರ್ಟ್ ಬರ್ನ್ಸ್ ವುಡ್‌ವರ್ಡ್ 1956ರಲ್ಲಿ ಅದೊಂದನ್ನೇ ಗಾಜಿನ ಪಾತ್ರೆಯಲ್ಲಿ ಕಟ್ಟಿ ತೋರಿಸಿದರು.

ಅವರು ಶುರು ಮಾಡಿದ್ದು ಸರಳವಾದ ಎರಡು ಚಪ್ಪಟೆ ಅಣುಗಳಿಂದ. ಎರಡನ್ನೂ ಬೆನ್ಜೀನಿನಲ್ಲಿ ಕುದಿಸಿದಾಗ ಒಂದೇ ಹೆಜ್ಜೆಯಲ್ಲಿ ಅವು ಜೋಡಿ ಉಂಗುರವಾಗಿ ಬೆಸೆದುಕೊಂಡವು. ಬೆಸೆದುಕೊಳ್ಳುವಾಗಲೇ ಮೂರು ಇಂಗಾಲಗಳ ದಿಕ್ಕು ತೀರ್ಮಾನವಾಗಿಬಿಟ್ಟಿತು. ಆ ಉಂಗುರದ ಒಂದು ಮಗ್ಗುಲು ಒಳಕ್ಕೆ ಬಾಗಿದೆ, ಇನ್ನೊಂದು ಹೊರಕ್ಕೆ ತೆರೆದಿದೆ. ಮುಂದೆ ಬರುವ ಪ್ರತಿಯೊಂದು ಪರಮಾಣುವೂ ತೆರೆದ ಮಗ್ಗುಲಿನಿಂದಲೇ ಬರಬೇಕಾಗುತ್ತದೆ. ಅಣುವಿನ ಆಕಾರವೇ ಮುಂದಿನ ಹೆಜ್ಜೆಗೆ ದಾರಿ ತೋರುವಂತೆ ವುಡ್‌ವರ್ಡ್ ಯೋಜಿಸಿದ್ದರು.

ಅತ್ಯಂತ ಸೊಗಸಾದದ್ದು ಕೊನೆಯ ಭಾಗ. ಐದು ಉಂಗುರ ಮುಗಿಯುವ ಹೊತ್ತಿಗೆ ಆರನೆಯ ಇಂಗಾಲ ತಪ್ಪು ದಿಕ್ಕಿಗೆ ನಿಂತಿತ್ತು. ಸಿಕ್ಕಿದ್ದು ರಿಸರ್ಪೀನ್ ಅಲ್ಲ, ಅದರ ಅವಳಿಯಂಥ ಐಸೋರಿಸರ್ಪೀನಿನ ಚೌಕಟ್ಟು. ತೊಂದರೆಯೆಂದರೆ ಆ ತಪ್ಪು ರೂಪವೇ ಹೆಚ್ಚು ನೆಮ್ಮದಿಯದು. ಅಣು ತಾನಾಗಿ ಸರಿಯಾದ ರೂಪಕ್ಕೆ ಮರಳಲಾರದು. ಆಗ ವುಡ್‌ವರ್ಡ್ ಅಣುವಿನ ಎರಡು ಭುಜಗಳನ್ನು ಪರಸ್ಪರ ಕಟ್ಟಿ ಒಂದು ಲ್ಯಾಕ್ಟೋನ್ ಉಂಗುರ ಮಾಡಿದರು. ಈ ಕಟ್ಟಿನಿಂದ ಇಡೀ ಚೌಕಟ್ಟು ಮಗುಚಿಕೊಂಡಿತು. ಮೊದಲು ನೆಮ್ಮದಿಯಾಗಿದ್ದ ದಿಕ್ಕು ಈಗ ಇಕ್ಕಟ್ಟಾಯಿತು, ಇಕ್ಕಟ್ಟಾಗಿದ್ದದ್ದು ನೆಮ್ಮದಿಯಾಯಿತು. ಹುಳಿಯಂಶ ಸೇರಿಸಿ ಕುದಿಸಿದಾಗ ಆರನೆಯ ಇಂಗಾಲ ತಾನೇ ತಾನಾಗಿ ಸರಿಯಾದ ಕಡೆ ತಿರುಗಿತು. ಆಮೇಲೆ ಕಟ್ಟು ಬಿಚ್ಚಿದರು. ತಿರುಗಿದ್ದು ತಿರುಗಿಯೇ ಉಳಿಯಿತು. ಬಲಪ್ರಯೋಗವಿಲ್ಲದೆ ಸನ್ನಿವೇಶವನ್ನು ಬದಲಿಸಿ ಅಣುವನ್ನು ಒಪ್ಪಿಸಿದ ಈ ನಡೆಯನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಹಾಳೆಯ ಮೇಲೆ ಬಿಡಿಸಿ ಸುಖಪಡುತ್ತಾರೆ. ಅದರ ಚಿತ್ರವನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿದಾಗ, ರಾಗದ ವಿಸ್ತಾರದಲ್ಲಿ ಗಾಯಕ ಎಲ್ಲೋ ದೂರ ಹೋಗಿ ಅನಿರೀಕ್ಷಿತ ದಾರಿಯಿಂದ ಷಡ್ಜಕ್ಕೆ ಬಂದಾಗಿನ ಸಂತೋಷ ನನಗೆ ಆಗುತ್ತದೆ. ವುಡ್‌ವರ್ಡ್ ಕೊಟ್ಟದ್ದು ತಿಳಿವಳಿಕೆ. 1965ರಲ್ಲಿ ಅವರಿಗೆ ನೊಬೆಲ್ ಬಂದಾಗ ಇಂಥ ಕಟ್ಟಡಗಳ ಕಲೆಗೇ ಬಂತು.

ಎರಡನೆಯದು ಮನಸ್ಸಿನ ಕವಲು. 1954ರಲ್ಲಿ ನ್ಯೂಯಾರ್ಕಿನ ರಾಕ್‌ಲೆಂಡ್ ಸರ್ಕಾರಿ ಆಸ್ಪತ್ರೆಯ ನೇಥನ್ ಕ್ಲೈನ್ ಮನೋರೋಗಿಗಳ ಮೇಲೆ ಸರ್ಪಗಂಧಿಯ ಪರಿಣಾಮವನ್ನು ವರದಿ ಮಾಡಿದರು. ಬಿಹಾರದ ಹಳ್ಳಿಗರು ಹೇಳಿದ್ದು ಆಸ್ಪತ್ರೆಯ ಕಡತಕ್ಕೆ ಬಂತು. ಕ್ಲೋರ್‌ಪ್ರೊಮಜೀನ್ ಎಂಬ ಇನ್ನೊಂದು ಔಷಧವೂ ಅದೇ ಹೊತ್ತಿಗೆ ಬಂದಿತ್ತು. ಕಟ್ಟಿಹಾಕುವುದೇ ಚಿಕಿತ್ಸೆಯಾಗಿದ್ದ ಜಾಗಗಳಲ್ಲಿ ಗುಳಿಗೆಯಿಂದಲೂ ಉಪಶಮನ ಸಾಧ್ಯ ಎಂಬ ನಂಬಿಕೆ ಹುಟ್ಟಿತು.

ಆದರೆ ಗುಳಿಗೆ ಮೆದುಳಿನಲ್ಲಿ ಮಾಡುವುದೇನು? 1955ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಪ್ಲೆಚರ್, ಶೋರ್, ಬ್ರೋಡಿ ಇವರು ರಿಸರ್ಪೀನ್ ದೇಹದಲ್ಲಿರುವ ಸೆರೊಟೋನಿನ್ ಎಂಬ ಸಂದೇಶವಾಹಕದ ದಾಸ್ತಾನನ್ನು ಖಾಲಿ ಮಾಡುತ್ತದೆಂದು ಕಂಡುಕೊಂಡರು. ಅದೇ ಪ್ರಯೋಗಾಲಯದಲ್ಲಿ ಕೆಲಕಾಲ ಕಲಿತು ಸ್ವೀಡನ್ನಿಗೆ ಮರಳಿದ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಒಂದು ಪ್ರಯೋಗ ಮಾಡಿದರು. ಮೊಲಗಳಿಗೆ ರಿಸರ್ಪೀನ್ ಕೊಟ್ಟರು. ಮೊಲಗಳು ಅಲುಗಾಡದೆ ಕುಳಿತವು, ಕಿವಿಗಳು ಜೋತುಬಿದ್ದವು. ಸೆರೊಟೋನಿನ್ ಆಗಿ ಮಾರ್ಪಡುವ ಪದಾರ್ಥ ಕೊಟ್ಟರೆ ಅವು ಎಚ್ಚರಾಗಲಿಲ್ಲ. ಎಲ್-ಡೋಪಾ ಎಂಬ ಇನ್ನೊಂದು ಪದಾರ್ಥ ಕೊಟ್ಟಾಗ ಮಾತ್ರ ಸುಮಾರು ಹದಿನೈದು ನಿಮಿಷಗಳಲ್ಲಿ ಕಿವಿ ನಿಮಿರಿ, ಕಣ್ಣು ತೆರೆದು, ಓಡಾಡತೊಡಗಿದವು. ಮೆದುಳನ್ನು ಪರೀಕ್ಷಿಸಿದರೆ, ಮರಳಿ ತುಂಬಿಕೊಂಡಿದ್ದು ಡೋಪಮೈನ್. ಅಲ್ಲಿಯವರೆಗೆ ಡೋಪಮೈನನ್ನು ಬೇರೊಂದು ರಾಸಾಯನಿಕದ ತಯಾರಿಯ ನಡುವಿನ ಮೆಟ್ಟಿಲೆಂದೇ ಎಣಿಸಿದ್ದರು. ಅದೇ ಸ್ವತಂತ್ರ ಸಂದೇಶವಾಹಕ, ಚಲನೆಯನ್ನು ಆಳುವುದು ಅದೇ ಎಂಬುದು ಈ ಮೊಲಗಳಿಂದ ತಿಳಿಯಿತು.

ಇದರ ಫಲ ಬಹಳ ದೂರ ಹೋಯಿತು. ಅಲುಗಾಟ ಕಳೆದುಕೊಂಡ ಮೊಲ ಪಾರ್ಕಿನ್ಸನ್ ರೋಗಿಯನ್ನು ನೆನಪಿಸಿತು. 1960ರಲ್ಲಿ ವಿಯೆನ್ನಾದ ಸಂಶೋಧಕರು ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಡೋಪಮೈನ್ ಕೊರತೆಯನ್ನು ತೋರಿಸಿದರು. ಎಲ್-ಡೋಪಾ ಚಿಕಿತ್ಸೆ ಬಂತು. ಇಂದು ನಮ್ಮ ಊರುಗಳಲ್ಲಿ ಕೈ ನಡುಗುವ ಹಿರಿಯರೊಬ್ಬರು ಬೆಳಗಿನ ಗುಳಿಗೆ ನುಂಗಿ ತಾವೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರಲ್ಲ, ಆ ಗುಳಿಗೆಯ ವಂಶಾವಳಿಯಲ್ಲಿ ಸರ್ಪಗಂಧಿ ಇದೆ. ಬೇರು ಆ ರೋಗಕ್ಕೆ ಮದ್ದಲ್ಲ. ಅದು ತರುವುದು ಆ ರೋಗದಂಥ ಸ್ಥಿತಿಯನ್ನೇ. ಅದು ತೋರಿಸಿಕೊಟ್ಟ ಕೊರತೆಯಿಂದ ಮದ್ದು ಹೊಳೆಯಿತು. ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಹಂಚಿಕೊಂಡರು.

ಈ ಖಾಲಿಯಾಗುವಿಕೆಯ ಯಂತ್ರ ಕಣ್ಣಿಗೆ ಕಂಡದ್ದು ತೀರಾ ಇತ್ತೀಚೆಗೆ. ನರಕೋಶದ ತುದಿಯಲ್ಲಿ ಚಿಕ್ಕ ಚಿಕ್ಕ ಚೀಲಗಳಿವೆ. ಡೋಪಮೈನ್, ಸೆರೊಟೋನಿನ್, ನಾರ್‌ಅಡ್ರಿನಲಿನ್ ಇವು ಆ ಚೀಲಗಳಲ್ಲಿ ಶೇಖರವಾಗುತ್ತವೆ. ಸುಗ್ಗಿಯಲ್ಲಿ ಕಾಳನ್ನು ಹೊತ್ತು ಕಣಜಕ್ಕೆ ಸುರಿಯುವ ಆಳಿನ ಕೆಲಸವನ್ನು ಅಲ್ಲಿ ಒಂದು ಪ್ರೊಟೀನು ಮಾಡುತ್ತದೆ. ಅದರ ಹೆಸರು ವಿಮ್ಯಾಟ್-2. ರಿಸರ್ಪೀನ್ ಅದನ್ನು ತಡೆದು ನಿಲ್ಲಿಸುತ್ತದೆ. ಚೀಲದ ಹೊರಗುಳಿದ ಸಂದೇಶವಾಹಕಗಳು ಕೋಶದೊಳಗೇ ಒಡೆದುಹೋಗುತ್ತವೆ. 2023 ಮತ್ತು 2024ರಲ್ಲಿ ಹಲವು ಸಂಶೋಧನಾ ತಂಡಗಳು ಈ ಪ್ರೊಟೀನನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ, ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ರಚನೆಯನ್ನು ಪರಮಾಣು ಮಟ್ಟದವರೆಗೆ ಬಿಡಿಸಿದವು. ಚೀಲದ ಪೊರೆಯನ್ನು ಹನ್ನೆರಡು ಬಾರಿ ಹಾದುಹೋಗುವ ಸುರುಳಿಗಳು, ಅವುಗಳ ನಡುವೆ ಒಂದು ಗವಿ. ಆ ಗವಿಯ ಬಾಯಿ ಒಮ್ಮೆ ಕೋಶದ ಕಡೆ, ಒಮ್ಮೆ ಚೀಲದ ಕಡೆ ತೆರೆಯುತ್ತದೆ. ಕೋಶದ ಕಡೆ ಬಾಯಿ ತೆರೆದಿರುವಾಗ ರಿಸರ್ಪೀನ್ ಒಳಹೊಕ್ಕು ತುಂಬಿಕೊಂಡು ಕುಳಿತುಬಿಡುತ್ತದೆ. ಬಾಯಿ ಮುಚ್ಚಲಾಗದು, ಆಚೆ ತೆರೆಯಲಾಗದು. 1931ರಲ್ಲಿ ಹಳ್ಳಿಯ ಪುಡಿಯಾಗಿ ವರದಿಯಾದದ್ದು, 1956ರಲ್ಲಿ ಆರು ಇಂಗಾಲಗಳ ದಿಕ್ಕಾಗಿ ಬಿಡಿಸಿಕೊಂಡದ್ದು, ಈಗ ತನ್ನ ಗವಿಯಲ್ಲಿ ಕುಳಿತ ಭಂಗಿಯಲ್ಲೇ ಕಾಣಸಿಕ್ಕಿತು. ವುಡ್‌ವರ್ಡ್ ಅಷ್ಟು ಕಷ್ಟಪಟ್ಟು ತಿರುಗಿಸಿದ ದಿಕ್ಕಿಗೆ ಜೀವಕೋಶದಲ್ಲಿ ಏನು ಅರ್ಥವೆಂಬುದನ್ನು ಈಗ ಆ ಚಿತ್ರದಲ್ಲೇ ಓದಬಹುದು. ಇದೇ ಪ್ರೊಟೀನನ್ನು ಹದವಾಗಿ ತಡೆಯುವ ಟೆಟ್ರಬೆನಜೀನ್ ಬಳಗದ ಔಷಧಗಳು ಅನೈಚ್ಛಿಕ ಚಲನೆಯ ರೋಗಗಳಿಗೆ ಬಳಕೆಯಲ್ಲಿವೆ.

ಸಾರ್ವಜನಿಕ ಆರೋಗ್ಯದ ಲೆಕ್ಕದಲ್ಲಿ ಈ ಬೇರಿನ ಅತಿ ದೊಡ್ಡ ಗಳಿಗೆ 1967. ರಕ್ತದೊತ್ತಡ ಇಳಿಸಿದರೆ ನಿಜವಾಗಿ ಪ್ರಾಣ ಉಳಿಯುತ್ತದೆಯೇ ಎಂಬುದು ಅಲ್ಲಿಯವರೆಗೆ ಖಚಿತವಿರಲಿಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ 143 ಪುರುಷರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ರಿಸರ್ಪೀನ್ ಸೇರಿದ ಮೂರು ಔಷಧಗಳ ಜೋಡಣೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಗುಳಿಗೆ. ಹುಸಿಗುಳಿಗೆಯ ಗುಂಪಿನಲ್ಲಿ 27 ಗಂಭೀರ ಆಘಾತಗಳಾದವು. ಔಷಧದ ಗುಂಪಿನಲ್ಲಿ ಎರಡು. ಇಷ್ಟು ಸ್ಪಷ್ಟ ಉತ್ತರ ವೈದ್ಯಶಾಸ್ತ್ರಕ್ಕೆ ಅಪರೂಪಕ್ಕೆ ಸಿಗುತ್ತದೆ. ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ ತೋಳಿಗೆ ಪಟ್ಟಿ ಸುತ್ತಿ, ಅಂಕಿ ಬರೆದು, ಗುಳಿಗೆ ಕೊಟ್ಟು, ಮುಂದಿನ ತಿಂಗಳು ಬನ್ನಿ ಎನ್ನುತ್ತಾಳೆ. ಆ ಮಾತಿಗೆ ಬೆನ್ನೆಲುಬು ಇಂಥ ಪ್ರಯೋಗಗಳು. ಭಾರತದಲ್ಲಿ 2017ರಿಂದ ನಡೆಯುತ್ತಿರುವ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಅದನ್ನೇ ಹಳ್ಳಿ ಹಳ್ಳಿಗೆ ಒಯ್ಯುತ್ತಿದೆ. ಅಲ್ಲಿ ಕೊಡುವುದು ಬೇರೆ ಹೊಸ ಗುಳಿಗೆಗಳನ್ನು. ಆದರೆ ಕೊಡಬೇಕು ಎಂಬ ಧೈರ್ಯದ ಹಿಂದೆ ಈ ಹಳೆಯ ಗುಳಿಗೆಯ ಸಾಕ್ಷ್ಯವೂ ಇದೆ.

ರಿಸರ್ಪೀನ್ ಹಿಂದೆ ಸರಿದದ್ದೇಕೆ? ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರು ಮಂಕಾದರು, ಖಿನ್ನರಾದರು ಎಂಬ ವರದಿಗಳು 1950ರ ದಶಕದಲ್ಲೇ ಬಂದವು. ಖಿನ್ನತೆ ಎಂದರೆ ಮೆದುಳಿನ ರಾಸಾಯನಿಕಗಳ ಕೊರತೆ ಎಂಬ ಪ್ರಸಿದ್ಧ ವಾದಕ್ಕೆ ಈ ವರದಿಗಳೂ ಒಂದು ಅಡಿಗಲ್ಲು. ಆದರೆ 1955ರಲ್ಲೇ ಲಂಡನ್ನಿನಲ್ಲಿ ಡೇವಿಸ್ ಮತ್ತು ಷೆಪರ್ಡ್ ಆತಂಕ, ಖಿನ್ನತೆ ಇದ್ದವರಿಗೆ ರಿಸರ್ಪೀನ್ ಕೊಟ್ಟು, ಅವರಲ್ಲಿ ಸುಧಾರಣೆ ಕಂಡಿದ್ದರು. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಜರಡಿ ಹಿಡಿದ 2022ರ ವಿಮರ್ಶೆಯೊಂದು ರಿಸರ್ಪೀನ್ ಖಿನ್ನತೆ ತರುತ್ತದೆಂಬ ಮಾತಿಗೆ ಏಕರೂಪದ ಆಧಾರವಿಲ್ಲವೆಂದು ತೋರಿಸಿತು. ಅರ್ಧ ಶತಮಾನ ಪಾಠಪುಸ್ತಕದಲ್ಲಿದ್ದ ವಾಕ್ಯವನ್ನು ಮತ್ತೆ ತಕ್ಕಡಿಗೆ ಹಾಕುವ ಈ ಪ್ರಾಮಾಣಿಕತೆ ನನಗೆ ಹೊಸ ಔಷಧದಷ್ಟೇ ಅಮೂಲ್ಯ. ಕೊಕ್ರೇನ್ ವಿಮರ್ಶೆಯೂ ಲಭ್ಯ ಪ್ರಯೋಗಗಳನ್ನು ನೋಡಿ, ರಿಸರ್ಪೀನ್ ಬೇರೆ ಮೊದಲ ಸಾಲಿನ ಔಷಧಗಳಷ್ಟೇ ಒತ್ತಡ ಇಳಿಸುತ್ತದೆಂದು ಹೇಳಿದೆ. ಪ್ರಯೋಗಗಳು ಚಿಕ್ಕವು, ಅಡ್ಡಪರಿಣಾಮಗಳ ಬಗ್ಗೆ ಅವು ಹೇಳುವುದು ಸಾಲದು ಎಂಬುದನ್ನೂ ಜೊತೆಗೇ ಹೇಳಿದೆ.

ಹಳೆಯ ಅಣುವಿನಲ್ಲಿ ಹೊಸ ರಸ ಇನ್ನೂ ಇದೆ. ಹುಟ್ಟಿನಿಂದಲೇ ದೃಷ್ಟಿ ಕಳೆಯುವ ಒಂದು ಆನುವಂಶಿಕ ರೋಗಕ್ಕೆ ಮದ್ದು ಹುಡುಕುತ್ತ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯಲ್ಲಿ ಆನಂದ್ ಸ್ವರೂಪ್ ಅವರ ತಂಡ ಸಾವಿರಾರು ರಾಸಾಯನಿಕಗಳನ್ನು ಜಾಲಾಡಿತು. ರೋಗಿಗಳ ಕೋಶಗಳಿಂದ ತಟ್ಟೆಯಲ್ಲಿ ಬೆಳೆಸಿದ ಕಿರುರೆಟಿನಾಗಳಲ್ಲೂ ಇಲಿಗಳಲ್ಲೂ ಬೆಳಕು ಗ್ರಹಿಸುವ ಕೋಶಗಳನ್ನು ಉಳಿಸುವ ಗುಣ ತೋರಿದ್ದು ರಿಸರ್ಪೀನ್. 2023ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇದು ಇನ್ನೂ ಮನುಷ್ಯರ ಚಿಕಿತ್ಸೆಯಲ್ಲ. ಇತ್ತ ಅಜ್ಮಲೀನ್ ತನ್ನ ಕೆಲಸವನ್ನು ಹೃದಯದ ಬಳಿ ಮುಂದುವರಿಸಿದೆ. ಆರೋಗ್ಯವಂತನಂತೆ ಕಾಣುವ ಮನುಷ್ಯ ನಿದ್ದೆಯಲ್ಲೇ ಹಠಾತ್ತಾಗಿ ಸಾಯುವ ಬ್ರುಗಾಡಾ ಎಂಬ ಕಾಯಿಲೆ ಮಾಮೂಲಿ ಇಸಿಜಿಯಲ್ಲಿ ಅಡಗಿಕೊಂಡಿರಬಹುದು. ಆಸ್ಪತ್ರೆಯಲ್ಲಿ ಎಚ್ಚರಿಕೆಯಿಂದ ಅಜ್ಮಲೀನ್ ಚುಚ್ಚಿದಾಗ ಅದರ ವಿಶಿಷ್ಟ ಗೆರೆ ಹೊರಬೀಳುತ್ತದೆ. 2024ರಲ್ಲಿ ಕೆನಡಾದ ಯಾಂಗ್ ಚು ಮತ್ತು ಜೊತೆಗಾರರು ಈ ಅಣುವನ್ನು ಗಿಡ ಕಟ್ಟುವ ಹಾದಿಯಲ್ಲಿ ಪತ್ತೆಯಾಗದೆ ಉಳಿದಿದ್ದ ಹೆಜ್ಜೆಗಳನ್ನು ಪತ್ತೆಹಚ್ಚಿ, ಆ ಜೀನುಗಳನ್ನು ಯೀಸ್ಟಿಗೆ ಸೇರಿಸಿ, ಸಕ್ಕರೆಯಿಂದಲೇ ಅಜ್ಮಲೀನ್ ತಯಾರಾಗುವಂತೆ ಮಾಡಿದರು.

ಯೀಸ್ಟಿನ ಈ ದಾರಿ ಮುಖ್ಯವಾಗುವುದು ಗಿಡದ ಕಾರಣಕ್ಕೆ. ಬೇರು ಕಿತ್ತರೆ ಗಿಡವೇ ಹೋಯಿತು. 1950ರ ದಶಕದಲ್ಲಿ ಜಗತ್ತಿನ ಬೇಡಿಕೆ ಉಕ್ಕಿದಾಗ ಕಾಡುಗಳು ಬರಿದಾದವು. ಸರ್ಕಾರ ಕಚ್ಚಾ ಬೇರಿನ ರಫ್ತನ್ನು ತಡೆಯಬೇಕಾಯಿತು, ಕಂಪನಿಗಳು ಇದರ ಆಫ್ರಿಕದ ಸೋದರ ಗಿಡದತ್ತ ತಿರುಗಿದವು. 1990ರಿಂದ ಸರ್ಪಗಂಧಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಿಂದ ಅರಣ್ಯ ಇಲಾಖೆಯ ಜೊತೆ ಸೇರಿ ಕರ್ನಾಟಕದ ಕಾಡುಗಳಲ್ಲಿ ಔಷಧಿ ಸಸ್ಯಗಳ ರಕ್ಷಿತ ತಾಣಗಳನ್ನು ರೂಪಿಸಿತು. ಹೊಲದಲ್ಲಿ ಬೆಳೆಯುವುದಕ್ಕೂ ತಾಳ್ಮೆ ಬೇಕು. ಬೀಜ ಸಲೀಸಾಗಿ ಮೊಳೆಯುವುದಿಲ್ಲ; ಬೇರು ಕೀಳಲು ಕನಿಷ್ಠ ಒಂದೂವರೆ ವರ್ಷ, ಒಳ್ಳೆಯ ಬೇರಿಗೆ ಎರಡು ಮೂರು ವರ್ಷ ಕಾಯಬೇಕು.

ಹಾವಿನ ಹೆಸರು ಹೊತ್ತ ಈ ಬೇರು ಹಾವಿನ ವಿಷಕ್ಕೆ ಮದ್ದಲ್ಲ. ಕಚ್ಚಿಸಿಕೊಂಡವರಿಗೆ ಬೇರು ಅರೆದು ಕುಡಿಸುತ್ತ ಕಳೆದ ಪ್ರತಿ ನಿಮಿಷವೂ ಪ್ರತಿವಿಷದಿಂದ ದೂರ ಸರಿದ ನಿಮಿಷ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಾಗರ, ಕಟ್ಟುಹಾವು ಮೊದಲಾದವುಗಳ ವಿಷದ ಒಂದು ಪ್ರಮುಖ ಗುಂಪನ್ನು ತಡೆಯಬಲ್ಲ ಪ್ರತಿಕಾಯವನ್ನು ವಿದೇಶಿ ತಂಡದೊಡನೆ ಸೇರಿ ರೂಪಿಸಿದ್ದಾರೆ. ಹಾಗೆಯೇ ರಕ್ತದೊತ್ತಡವಿದೆಯೆಂದು ಗಿಡ ಕಿತ್ತು ಮನೆಯಲ್ಲೇ ಕಷಾಯ ಕಾಯಿಸುವುದೂ ಸಲ್ಲ. ಒಂದು ಬೇರಿಗಿಂತ ಇನ್ನೊಂದು ಬೇರಿನಲ್ಲಿ ಆಲ್ಕಲಾಯ್ಡು ಹೆಚ್ಚು ಕಡಿಮೆ ಇರುತ್ತದೆ. ಮಿಲಿಗ್ರಾಂನ ಭಾಗದಲ್ಲಿ ಕೆಲಸ ಮಾಡುವ ವಸ್ತುವಿಗೆ ಅಂದಾಜು ಸಾಲದು. ಹೊಟ್ಟೆಹುಣ್ಣು, ಖಿನ್ನತೆ, ಪಾರ್ಕಿನ್ಸನ್ ಇರುವವರಿಗೆ ಅದು ಹಾನಿ ಮಾಡಬಲ್ಲದು.

ಈ ಎಚ್ಚರಿಕೆಗಳಿಂದ ಸರ್ಪಗಂಧಿಯ ಮೇಲಿನ ನನ್ನ ಪ್ರೀತಿ ಕುಂದುವುದಿಲ್ಲ, ಹೆಚ್ಚುತ್ತದೆ. ಸಿದ್ದಿಕಿಯ ಹರಳು, ವಕೀಲರ ಅಂಕಿ, ವುಡ್‌ವರ್ಡ್ ತಿರುಗಿಸಿದ ಇಂಗಾಲ, ಕಾರ್ಲ್‌ಸನ್ನನ ಹದಿನೈದು ನಿಮಿಷ, ಫ್ರೈಸ್ ಎಣಿಸಿದ 27 ಮತ್ತು 2, ಎಲ್ಲದರಲ್ಲೂ ನಾನು ಕಾಣುವುದು ಒಂದೇ ಗುಣ: ಗಿಡ ಹೇಳುವುದನ್ನು ಹೇಳಿದಷ್ಟೇ ಕೇಳಿಸಿಕೊಳ್ಳುವ ಗುಣ, ಅದಕ್ಕೆ ಒಂದು ಮಾತನ್ನೂ ಸೇರಿಸದ ಗುಣ. ನಮ್ಮ ಮೂಲಿಕೆಗಳನ್ನು ಹೊಗಳುವವರು ಬೇಕಾದಷ್ಟಿದ್ದಾರೆ, ತೆಗಳುವವರೂ ಇದ್ದಾರೆ. ನಮ್ಮ ಕಾಡಿನ ನೂರಾರು ಬೇರುಗಳಿಗೆ ಇಂಥ ತಾಳ್ಮೆಯ ಅಳತೆ ಇನ್ನೂ ಸಿಕ್ಕಿಲ್ಲ. ಅದನ್ನು ಮಾಡಲು ಕೂರುವ ತರುಣ ತರುಣಿಯರಿಗೆ ಪ್ರಯೋಗಾಲಯವನ್ನೂ, ಕಾಲವನ್ನೂ, ಸೋಲಲು ಅವಕಾಶವನ್ನೂ ಕೊಡುವುದು ಸರ್ಪಗಂಧಿಗೆ ನಾವು ತೀರಿಸಬೇಕಾದ ಋಣ. ಗಿಡವೊಂದರ ಬಗ್ಗೆ ನಿಖರವಾಗಿ ಮಾತಾಡುವುದಕ್ಕಿಂತ ದೊಡ್ಡ ಗೌರವವನ್ನು ನಾವು ಅದಕ್ಕೆ ಕೊಡಲಾರೆವು.